ಬೆಳೆದ ಊರಿಗೆ ಎಷ್ಟು ಸೀಟು?

ಮಾತಾಡಿದವರು ಇಬ್ಬರು. ಒಬ್ಬರು ಮಂಡಲ ಪಂಚಾಯಿತಿಯ ಕಾಲದಲ್ಲಿ ಕೆಲಸಕ್ಕೆ ಸೇರಿ, ಅವಿಭಜಿತ ಕೋಲಾರ ಜಿಲ್ಲೆಯ ಹತ್ತಾರು ಪಂಚಾಯಿತಿಗಳಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ಇನ್ನೊಬ್ಬರು 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಗೆ ಸದಸ್ಯೆಯಾದವರು. ಅವರ ಊರು ಪಟ್ಟಣಕ್ಕೆ ಅಂಟಿಕೊಂಡೇ ಬೆಳೆಯುತ್ತಿದೆ. ಹೆಸರು ಬೇಡ, ಈ ಕಡೆ ಅಂಥ ಊರುಗಳಿಗೆ ಬರವಿಲ್ಲ. ನಾನು ನಡುವೆ ಕೂತು ಕೇಳಿಸಿಕೊಂಡವನು, ಅಲ್ಲಲ್ಲಿ ಬಾಯಿ ಹಾಕಿದ್ದೇನೆ.

ಸದಸ್ಯೆ: ಸಾರ್, ನೀವು ಲೆಕ್ಕ ಬಲ್ಲೋರು. ನಮ್ಮ ಪಂಚಾಯಿತಿಗೆ ಎಷ್ಟು ಸೀಟು ಬರಬೇಕು, ಅದನ್ನ ಮೊದಲು ಹೇಳಿ.

ಕಾರ್ಯದರ್ಶಿ: ಕಾನೂನಲ್ಲಿ ಗೊಂದಲ ಇಲ್ಲ ಕಣಮ್ಮ. 1993ರ ಪಂಚಾಯತ್ ರಾಜ್ ಕಾಯ್ದೆ. ಬಯಲುಸೀಮೇಲಿ 5,000ದಿಂದ 7,000 ಜನಕ್ಕೆ ಒಂದು ಪಂಚಾಯಿತಿ, ಪ್ರತಿ 400 ಜನಕ್ಕೆ ಒಬ್ಬ ಸದಸ್ಯ. ಕೊನೇಲಿ ಚೂರುಪಾರು ಉಳಿದರೆ ಅದಕ್ಕೂ ಒಬ್ಬ. 6,900 ಜನ ಇದ್ದರೆ 18 ಸೀಟು.

ಸದಸ್ಯೆ: ನಮ್ಮಲ್ಲಿ ಈಗ ಹತ್ತು ಸಾವಿರಕ್ಕೆ ಕಡಿಮೆ ಇಲ್ಲ.

ಕಾರ್ಯದರ್ಶಿ: ಎಣಿಸಿದ್ದು ಯಾರು?

ಸದಸ್ಯೆ: ಎಣಿಸಬೇಕಾ? ಬೆಳಿಗ್ಗೆ ಎದ್ದು ಬಸ್‌ಸ್ಟಾಪಿಗೆ ಬನ್ನಿ, ಗೊತ್ತಾಗುತ್ತೆ.

ಕಾರ್ಯದರ್ಶಿ: ಬಸ್‌ಸ್ಟಾಪಲ್ಲಿ ನಿಂತ ಜನ ಸರ್ಕಾರದ ಲೆಕ್ಕಕ್ಕೆ ಬರಲ್ಲ. ಪ್ರಕಟವಾದ ಕೊನೇ ಜನಗಣತಿ ಯಾವುದೋ ಅದೇ ಲೆಕ್ಕ. ಅದು 2011ರದ್ದು. ಆವತ್ತು ಇಡೀ ಜಿಲ್ಲೆ ಜನಸಂಖ್ಯೆ 12,55,104. ಕಾಗದದಲ್ಲಿ ಇವತ್ತಿಗೂ ಅಷ್ಟೇ.

ಸದಸ್ಯೆ: ಆ ಗಣತಿ ವರ್ಷ ಹುಟ್ಟಿದ ನನ್ನ ಮಗ ಎಸ್ಸೆಸ್ಸೆಲ್ಸಿಗೆ ಬಂದವನೆ!

ಕಾರ್ಯದರ್ಶಿ: 2021ರ ಗಣತಿ ಕೋವಿಡ್ ಅಂತ ನಿಂತಿತು, ಆಮೇಲೆ ಏಳಲೇ ಇಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1 ಅಂತ ತಾರೀಕು ಗೊತ್ತು ಮಾಡಿದ್ದಾರೆ. ಅಂಕಿಅಂಶ ಅಚ್ಚಾಗಿ ಕೈಗೆ ಬರೋ ಹೊತ್ತಿಗೆ ಅವನು ವೋಟು ಹಾಕೋ ವಯಸ್ಸಿಗೆ ಹತ್ತಿರ ಇರ್ತಾನೆ.

(ಇಲ್ಲಿ ಒಂದು ಮಾತು ನನ್ನದು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಮರುವರ್ಷ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಹೆದ್ದಾರಿಯ ಎರಡೂ ಕಡೆ ದ್ರಾಕ್ಷಿ ತೋಟದ ಕಲ್ಲುಕಂಬ ಕಿತ್ತು ಸೈಟಿನ ಕಲ್ಲು ನೆಟ್ಟದ್ದು ಬಹುಪಾಲು ಅದರ ನಂತರ. ಅಂದರೆ ಈ ಜಿಲ್ಲೆ ತುಂಬ ಬೆಳೆದ ಅವಧಿಯೇ ಗಣತಿಯಿಂದ ಹೊರಗುಳಿದಿದೆ. ಇಳಿಮುಖವಾದ ಊರಿಗೂ ಹಳೇ ಸೀಟು, ಎರಡರಷ್ಟಾದ ಊರಿಗೂ ಹಳೇ ಸೀಟು.)

ಸದಸ್ಯೆ: ಸರಿ, ಜನ ಹೆಚ್ಚಿದ್ದು ಲೆಕ್ಕಕ್ಕೆ ಬರಲ್ಲ ಅನ್ನಿ. ಗೆರೆ ಎಳೆಯೋದು ಯಾರ ಕೈಲಿದೆ? ನಮ್ಮ ವಾರ್ಡು ನಾಲ್ಕು ಸೀಟಿನದು. ಅದರಲ್ಲಿ ಮೂಲ ಊರು, ಅದರಾಚೆ ಕಾಲೊನಿ, ಕೆರೆ ದಾಟಿ ಎರಡು ಕಿಲೋಮೀಟರ್ ಹೋದರೆ ಮೂವತ್ತು ಮನೆಯ ಒಂದು ಹಟ್ಟಿ. ಮೂರೂ ಸೇರಿ ಒಂದು ವಾರ್ಡು. ನಾಲ್ಕು ಸೀಟಿಗೆ ಗೆದ್ದ ನಾಲ್ಕೂ ಜನ ಮೂಲ ಊರಿನೋರು. ಹಟ್ಟಿಯೋರು ನೀರು ಬರಲಿಲ್ಲ ಅಂತ ಯಾರನ್ನ ಕೇಳಬೇಕು?

ಕಾರ್ಯದರ್ಶಿ: ನಾಲ್ವರನ್ನೂ ಕೇಳಬಹುದು.

ಸದಸ್ಯೆ: ನಾಲ್ವರನ್ನ ಕೇಳೋದೂ ಒಂದೇ, ಯಾರನ್ನೂ ಕೇಳದೆ ಇರೋದೂ ಒಂದೇ. ನನ್ನ ಕೇಳಿದರೆ ನಾನು ಅವರ ಕಡೆ ಕೈ ತೋರಿಸ್ತೀನಿ, ಅವರು ಇನ್ನೊಬ್ಬರ ಕಡೆ. ನೀರಗಂಟಿ ಗೇಟ್‌ವಾಲ್ ತಿರುಗಿಸೋದು ಬೆಳಿಗ್ಗೆ ಆರಕ್ಕೆ. ಊರಿನ ಸಿಸ್ಟರ್ನ್‌ಗಳು ತುಂಬಿ ಹರಿದ ಮೇಲೆ ಹಟ್ಟಿ ಪೈಪಿಗೆ ಬಿಡ್ತಾನೆ. ಅಷ್ಟರಲ್ಲಿ ಕರೆಂಟು ಹೋಗಿರುತ್ತೆ. ನಾನೇ ಒಂದು ದಿನ ಅಲ್ಲಿ ನಿಂತು ನೋಡಿದೆ. ನಲ್ಲೀಲಿ ಮೊದಲು ಗಾಳಿ ಬಂತು, ಆಮೇಲೆ ತುಕ್ಕಿನ ನೀರು ಎರಡು ಬಿಂದಿಗೆ, ಆಮೇಲೆ ಮತ್ತೆ ಗಾಳಿ. ಒಬ್ಬ ಅಜ್ಜಿ, "ನೀನು ವೋಟಿಗೆ ಬಂದಾಗ ನಾಲ್ಕು ಒತ್ತು ಅಂದೆ, ಒತ್ತಿದೆ. ನಾಲ್ಕರಲ್ಲಿ ನಮ್ಮೋರು ಯಾರಮ್ಮ?" ಅಂತ ಕೇಳಿದಳು.

ಕಾರ್ಯದರ್ಶಿ: ನಾಲ್ಕು ಮತ ಇದೆ ಅಂತ ಆಯಮ್ಮನಿಗೆ ಗೊತ್ತಿತ್ತಲ್ಲ, ಅದೇ ದೊಡ್ಡದು. ಎಷ್ಟೋ ಜನ ಒಂದಕ್ಕೆ ಮುದ್ರೆ ಒತ್ತಿ ಮಡಚಿ ಹಾಕ್ತಾರೆ. ಚುನಾವಣೆ ಡ್ಯೂಟೀಲಿ ಕಂಡಿದ್ದೀನಿ. ಪರದೆ ಹಿಂದೆ ಬ್ಯಾಲೆಟ್ ಹಿಡಿದು, "ಸಾರ್, ನಾಲ್ಕೂ ಒತ್ತಲೇಬೇಕಾ?" ಅಂತ ಕೂಗಿ ಕೇಳೋರು. ಉತ್ತರ ಕೊಟ್ಟರೂ ತಪ್ಪು, ಸುಮ್ಮನಿದ್ದರೂ ತಪ್ಪು.

ಸದಸ್ಯೆ: ಹಾಗಾದರೆ ಒಂದು ವಾರ್ಡಿಗೆ ಒಂದೇ ಸೀಟು ಮಾಡಿ ಅಂತ ಕೇಳಿದರೆ?

ಕಾರ್ಯದರ್ಶಿ: ಕೇಳಬಹುದು. ಆದರೆ ಬಹುಸದಸ್ಯ ವಾರ್ಡು ಯಾಕೆ ಇಟ್ಟರು ಅಂತ ಯೋಚಿಸು. ಮೀಸಲಾತಿ ಹಂಚಬೇಕು. ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಅದರೊಳಗೆ ಅರ್ಧ ಹೆಂಗಸರಿಗೆ. ನಾಲ್ಕು ಸೀಟು ಒಟ್ಟಿಗಿದ್ದರೆ ಒಂದೇ ವಾರ್ಡಲ್ಲಿ ಎಲ್ಲಾರಿಗೂ ಜಾಗ ಆಗುತ್ತೆ. ಒಂದೇ ಸೀಟಿನ ವಾರ್ಡಾದರೆ ಈ ಸಲ ಕಾಲೊನಿಗೆ ಸಾಮಾನ್ಯ, ಮುಂದಿನ ಸಲ ಇನ್ನೇನೋ. ನೀನು ಗೆದ್ದ ಸೀಟು ಬೇರೆ ವರ್ಗಕ್ಕೆ ಮೀಸಲಾದರೆ ನಿಂಗೆ ನಿಲ್ಲೋಕೆ ಇನ್ನೊಂದು ಸೀಟು ಪಕ್ಕದಲ್ಲೇ ಇರಲ್ಲ.

ಸದಸ್ಯೆ: ಈಗ ಮಾತ್ರ ಇದೆಯಾ? ಗೆರೆ ಬದಲಾಯಿಸಿದ ಕೂಡಲೇ ಮೀಸಲಾತಿ ಸರದಿ ಮೊದಲಿಂದ ಶುರು ಅಂತಾರೆ. ಐದು ವರ್ಷ ಸಭೆಗೆ ಓಡಾಡಿ, ಪಿಡಿಒ ಜೊತೆ ಜಗಳ ಆಡಿ, ಕ್ರಿಯಾಯೋಜನೆ ಅಂದರೇನು ಅಂತ ಕಲಿತೋರು ಮನೆಗೆ. ಮೊದಲ ಎರಡೂವರೆ ವರ್ಷದ ಅಧ್ಯಕ್ಷರು ಅಜೆಂಡಾ ಓದೋಕೆ ಕಲಿಯೋ ಹೊತ್ತಿಗೆ ಇಳಿದರು. ನೀವು ಹೇಳಿದ ಅರ್ಧ ಮೀಸಲಾತಿ 2010ರಲ್ಲಿ ಬಂತು, ಸಂತೋಷ. ಅದನ್ನ ಉಳಿಸಿಕೊಳ್ಳೋ ದಾರಿ ಯಾರೂ ಯೋಚಿಸಲಿಲ್ಲ.

ಕಾರ್ಯದರ್ಶಿ: 1983ರ ಕಾಯ್ದೇಲಿ ಆಗಿನ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರು 25 ಪರ್ಸೆಂಟ್ ಇಟ್ಟಾಗಲೇ, "ಹೆಂಗಸರು ಬಂದು ಏನು ಮಾಡ್ತಾರೆ" ಅಂದೋರು ಇದ್ದರು. ಮಂಡಲದ ಮೊದಲ ಸಭೇಲಿ ಹೆಂಗಸರು ಗೋಡೆ ಕಡೆ ಕೂತಿದ್ದು ನಂಗೆ ನೆನಪಿದೆ. ಪ್ರಧಾನರ ಎದುರು ಬೆಂಚಿನಲ್ಲಿ ಅವರ ಗಂಡಂದಿರು.

ಸದಸ್ಯೆ: ಈಗ ಗಂಡಂದಿರು ಬಾಗಿಲಾಚೆ ಬೈಕ್ ಮೇಲೆ ಕೂರ್ತಾರೆ. ಅಷ್ಟು ಮುಂದುವರಿದಿದ್ದೀವಿ.

ಕಾರ್ಯದರ್ಶಿ: ನಗಬೇಡ. ಮಂಡಲ ಅಂದರೆ ಎಂಟರಿಂದ ಹನ್ನೆರಡು ಸಾವಿರ ಜನ. ದೊಡ್ಡದಿತ್ತು, ಅದಕ್ಕೇ ಕೈಲಿ ನಾಲ್ಕು ಕಾಸಿತ್ತು. ಆಮೇಲೆ ಒಡೆದರು. 2015ರ ಚುನಾವಣೆಗೆ ಮುಂಚೆ ರಾಜ್ಯದಲ್ಲಿ ಮತ್ತೆ 400ಕ್ಕೂ ಹೆಚ್ಚು ಹೊಸ ಪಂಚಾಯಿತಿ ಮಾಡಿದರು. ಹತ್ತಿರ ಆಯ್ತು ಅಂತ ಜನ ಪಟಾಕಿ ಹೊಡೆದರು. ಹೊಸ ಪಂಚಾಯಿತಿಗೆ ಕಟ್ಟಡ ಇಲ್ಲ, ಪಿಡಿಒ ಇಲ್ಲ, ಬಿಲ್ ಕಲೆಕ್ಟರ್ ಎರಡು ಕಡೆ ಓಡಾಟ. ಒಡೀರಿ ಅಂತ ಅರ್ಜಿ ಕೊಡೋ ಮುಂಚೆ ತೆರಿಗೆ ಯಾವ ಕಡೆ ಉಳಿಯುತ್ತೆ ನೋಡಬೇಕು. ಗೌರಿಬಿದನೂರಿನ ಕುಡುಮಲಕುಂಟೆ ಕಡೆ ಹೋಗಿದ್ದೀಯಾ? ಕೈಗಾರಿಕಾ ಪ್ರದೇಶ. ಆ ಕಾರ್ಖಾನೆ ಗೋಡೆ ಯಾವ ಪಂಚಾಯಿತಿ ಎಲ್ಲೆಯೊಳಗೆ ಬೀಳುತ್ತೋ ಅದರ ಡಿಮ್ಯಾಂಡ್ ರಿಜಿಸ್ಟರೇ ಬೇರೆ. ಪಕ್ಕದ ಊರಿಗೆ ಬರೋದು ಲಾರಿ ಧೂಳು.

ಸದಸ್ಯೆ: ಧೂಳು ಅಷ್ಟೇ ಅಲ್ಲ, ಜನಾನೂ ಬರ್ತಾರೆ. ಅಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ. ಹಿತ್ತಲಲ್ಲಿ ಶೀಟಿನ ರೂಮು ಸಾಲಾಗಿ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ಎಲ್ಲಾ ಫ್ಯಾಕ್ಟರಿ ಹುಡುಗರು. ಬಿಹಾರದೋರು, ಒಡಿಶಾದೋರು, ರಾಯಚೂರು ಕಡೆಯೋರು. ಅವರ ವೋಟು ಅವರೂರಲ್ಲಿ. ನೀರು, ಚರಂಡಿ, ಕಸ ಎಲ್ಲಾ ಇಲ್ಲಿ.

ಕಾರ್ಯದರ್ಶಿ: ಇದೊಂದು ಸೂಕ್ಷ್ಮ ಕೇಳು. ಸೀಟು ಲೆಕ್ಕ ಹಾಕೋದು ಜನಸಂಖ್ಯೆ ಮೇಲೆ. ಗೆಲ್ಲಿಸೋದು ಮತದಾರರ ಪಟ್ಟಿ. ಮುಂದಿನ ಗಣತೀಲಿ ಆ ಹುಡುಗರನ್ನ ಇಲ್ಲೇ ಎಣಿಸಿದರೆ ಊರಿಗೆ ಸೀಟು ಹೆಚ್ಚುತ್ತೆ, ಆದರೆ ಆ ಸೀಟಿಗೆ ವೋಟು ಹಾಕೋದು ಮನೆ ಮಾಲೀಕರು. ಬಾಡಿಗೆನೂ ಅವರಿಗೆ, ಸೀಟೂ ಅವರಿಗೆ.

ಸದಸ್ಯೆ: ನಮ್ಮಲ್ಲಿ ಅದೇ ಉಲ್ಟಾ. ಲೇಔಟಿನೋರು ಮನೆ ಕಟ್ಟಿ ಕೂತಿದ್ದಾರೆ, ಇ-ಸ್ವತ್ತು ಖಾತೆ ಆಗಬೇಕು ಅಂದಾಗ ಪಂಚಾಯಿತಿ ನೆನಪು. ವೋಟು ಬೆಂಗಳೂರಲ್ಲಿ. ಗ್ರಾಮಸಭೆಗೆ ಬಂದವರು ಒಬ್ಬರೂ ಇಲ್ಲ, ವಾಟ್ಸಾಪ್‌ನಲ್ಲಿ ಬೀದಿದೀಪದ ಫೋಟೋ ಮಾತ್ರ ರಾತ್ರಿ ಹನ್ನೊಂದಕ್ಕೆ ಕಳಿಸ್ತಾರೆ. ನಮ್ಮ ಹಟ್ಟಿಯೋರು ವೋಟು ತಪ್ಪಿಸಲ್ಲ, ಫೋಟೋ ಕಳಿಸೋಕೆ ಬರಲ್ಲ. ಯಾರ ದೀಪ ಮೊದಲು ಉರಿಯುತ್ತೆ ನೀವೇ ಹೇಳಿ.

ಕಾರ್ಯದರ್ಶಿ: ಲೇಔಟಿನೋರನ್ನ ಬಯ್ಯಬೇಡ. ನಿಜವಾದ ಕಂದಾಯ ಅವರದ್ದೇ.

ಸದಸ್ಯೆ: ಬೈತಿಲ್ಲ ಸಾರ್. ವಾರ್ಡು ಮಾಡುವಾಗ ಅವರನ್ನ ಹಟ್ಟಿ ಜೊತೆ ಗಂಟು ಹಾಕಬೇಡಿ ಅಂತಿದ್ದೀನಿ.

ಇಲ್ಲಿ ಇಬ್ಬರೂ ಒಪ್ಪಲಿಲ್ಲ. ನನಗೆ ಸದಸ್ಯೆಯ ಮಾತೇ ಸರಿ ಅನ್ನಿಸಿತು. ಮೀಸಲಾತಿಯ ಹಂಚಿಕೆ ಸಲೀಸಾಗಲೆಂದು ದೂರದ ಜನವಸತಿಯನ್ನು ದೊಡ್ಡೂರಿಗೆ ಸೇರಿಸಿದರೆ, ಆ ಮೀಸಲು ಸೀಟಿನಲ್ಲಿ ಕೂರುವವರೂ ದೊಡ್ಡೂರಿನ ಬೀದಿಯವರೇ ಆಗುತ್ತಾರೆ. ಕಾರ್ಯದರ್ಶಿಗಳ ಮುಂದಿನ ಮಾತು ಮಾತ್ರ ನನ್ನನ್ನೂ ಸದಸ್ಯೆಯನ್ನೂ ಸ್ವಲ್ಪ ಹೊತ್ತು ಸುಮ್ಮನಾಗಿಸಿತು.

ಕಾರ್ಯದರ್ಶಿ: ನೀನು ಸೀಟು ಹೆಚ್ಚಲಿ ಅಂತಿದ್ದೀಯ. ನಿಮ್ಮೂರು ಹಿಂಗೇ ಬೆಳೆದರೆ ಸೀಟು ಹೆಚ್ಚಲ್ಲ ತಾಯಿ, ಹೋಗುತ್ತೆ. ಪಟ್ಟಣಕ್ಕೆ ತಗಲಿಕೊಂಡ ಪಂಚಾಯಿತಿ ಎಷ್ಟು ದಿನ ಪಂಚಾಯಿತಿಯಾಗಿ ಇರುತ್ತೆ? ನಾಳೆ ನಗರಸಭೆಗೆ ಸೇರಿಸ್ತಾರೆ. ಅಲ್ಲಿ ಲೆಕ್ಕ ಏನು ಗೊತ್ತಾ? ಚಿಕ್ಕಬಳ್ಳಾಪುರ ನಗರಸಭೆಗೆ 31 ವಾರ್ಡು. 2011ರ ಜನಸಂಖ್ಯೆ 63,652. ಭಾಗಿಸು.

ಸದಸ್ಯೆ: ಎರಡು ಸಾವಿರದ ಮೇಲೆ.

ಕಾರ್ಯದರ್ಶಿ: 2,053. ಚಿಂತಾಮಣಿಗೂ 31, ಅಲ್ಲಿ ಜನ 76,068. ಅಂದರೆ ಒಬ್ಬ ಸದಸ್ಯನಿಗೆ 2,450ರ ಮೇಲೆ. ಶಿಡ್ಲಘಟ್ಟ 51,159, ಅಲ್ಲೂ 31, ಅಂದರೆ 1,650. ಇವತ್ತು ಹಳ್ಳೀಲಿ 400 ಜನಕ್ಕೊಬ್ಬ. ಸೇರಿದ ಮಾರನೇ ದಿನ ನಿಮ್ಮಲ್ಲಿ ಐದು ಜನ ಮಾಡ್ತಿದ್ದ ಕೆಲಸಕ್ಕೆ ಒಬ್ಬ. ಗ್ರಾಮಸಭೆ ಇಲ್ಲ. ಗ್ರಾಮೀಣ ಉದ್ಯೋಗ ಖಾತ್ರಿ ಕೂಲಿ ಇಲ್ಲ. ತೆರಿಗೆ ಏರುತ್ತೆ. ಊರು ಬೆಳೆದಷ್ಟೂ ಮೆಂಬರು ದೂರ ಹೋಗ್ತಾನೆ, ಇದು ನಮ್ಮ ಕಾನೂನಿನ ವಿಚಿತ್ರ.

ಸದಸ್ಯೆ: ಹಂಗಂದ್ರೆ ಬೆಳೆಯೋದೇ ಬೇಡವಾ?

ಕಾರ್ಯದರ್ಶಿ: ಬೆಳೆಯೋದನ್ನ ನೀನು ನಿಲ್ಲಿಸ್ತೀಯಾ? ಶಿಡ್ಲಘಟ್ಟದ ಜಂಗಮಕೋಟೆ ಹೋಬಳೀಲಿ ನೋಡು. ಕೈಗಾರಿಕಾ ಪ್ರದೇಶ ಮಾಡೋ ಕೆಐಎಡಿಬಿಗೆ ಭೂಮಿ ಅಂತ 13 ಹಳ್ಳಿ ಹೆಸರು ಬಂತು. ಕೊಡ್ತೀವಿ ಅಂದೋರು, ಕೊಡಲ್ಲ ಅಂದೋರು, ಧರಣಿ, ಎಲ್ಲಾ ಆಯ್ತು. ಹಿಪ್ಪುನೇರಳೆ ತೋಟ ಇಟ್ಟುಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕೋ ರೈತ ಕೇಳೋದು ಒಂದೇ: ನಮ್ಮ ಪಂಚಾಯಿತಿ ಏನು ಮಾಡ್ತು? ಪಂಚಾಯಿತಿ ಒಂದು ಠರಾವು ಬರೀಬಹುದು, ಅಷ್ಟೇ. ಅಲ್ಲಿ 20 ಸೀಟಿದ್ದರೂ ಅಷ್ಟೇ, 40 ಇದ್ದರೂ ಅಷ್ಟೇ.

ಸದಸ್ಯೆ: ಅಂಥ ಮಾತು ಆಡೋಕೆ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಅಂತ ಇರೋದಲ್ವಾ?

ಕಾರ್ಯದರ್ಶಿ: ಇರಬೇಕಿತ್ತು. ಕೊನೇ ಚುನಾವಣೆ ಆಗಿದ್ದು 2016ರ ಫೆಬ್ರವರೀಲಿ. 2021ಕ್ಕೆ ಅವಧಿ ಮುಗೀತು. ಚುನಾವಣಾ ಆಯೋಗ ಕ್ಷೇತ್ರ ಗೊತ್ತು ಮಾಡಿ, ಮೀಸಲಾತಿ ಕರಡೂ ಹೊರಡಿಸಿತ್ತು. ಅಷ್ಟರಲ್ಲಿ ಕಾಯ್ದೆ ತಿದ್ದಿ ಆ ಅಧಿಕಾರ ಕಿತ್ತು, ಸೀಮಾ ನಿರ್ಣಯ ಆಯೋಗ ಅಂತ ಬೇರೆ ಮಾಡಿದರು. ಕೋರ್ಟು ಕೇಳಿತು, ಗಡುವು ಕೊಟ್ಟಿತು, ದಂಡನೂ ಹಾಕಿತು. ಒಂದು ಪಕ್ಷ ಹೋಗಿ ಇನ್ನೊಂದು ಪಕ್ಷ ಬಂತು, ಕುರ್ಚೀಲಿ ಆಡಳಿತಾಧಿಕಾರಿಗಳೇ ಉಳಿದರು. ಎಂಎಲ್‌ಎಗಳಿಗೆ ಜಿಲ್ಲಾ ಪಂಚಾಯಿತಿ ಸದಸ್ಯ ಇಲ್ಲದೆ ಇದ್ದರೆ ಹಾಯಾಗಿರುತ್ತೆ, ಯಾವ ಪಕ್ಷದೋರಾದರೂ.

ಸದಸ್ಯೆ: ಮರುವಿಂಗಡಣೆ ಅಂತ ಕೇಳಿದರೆ ನಮಗೂ ಅದೇ ಗತಿ ಆಗಲ್ಲ ಅಂತ ಏನು ಗ್ಯಾರಂಟಿ? ಗೆರೆ ಸರಿ ಮಾಡ್ತೀವಿ ಅಂತ ಚುನಾವಣೆ ಮುಂದೆ ಹಾಕಿದರೆ?

ಕಾರ್ಯದರ್ಶಿ: ಅದಕ್ಕೇ ಹೇಳೋದು, ಅರ್ಜೀಲಿ ಗೆರೆ ಕೇಳು, ಕಾಲ ಕೇಳಬೇಡ. "ಇಷ್ಟು ದಿನದೊಳಗೆ ತಿದ್ದಿ, ಆಗದಿದ್ದರೆ ಹಳೇ ವಾರ್ಡಿಗೇ ಚುನಾವಣೆ ಮಾಡಿ" ಅಂತಲೇ ಬರಿ. ಸಂವಿಧಾನದಲ್ಲಿ ಐದು ವರ್ಷ ಅಂತ ಇದೆ. ಅದನ್ನ ಮೊದಲ ಪ್ಯಾರಾದಲ್ಲೇ ಹಾಕು.

ಸದಸ್ಯೆ: ಹಳೇ ವಾರ್ಡಿಗೇ ಆದರೆ ಹಟ್ಟಿ ಹಂಗೇ ಉಳೀತು.

ಕಾರ್ಯದರ್ಶಿ: ಉಳಿಯುತ್ತೆ. ಚುನಾವಣೆನೇ ಇಲ್ಲದೆ ಹೋದರೆ ಅಜ್ಜಿ ಬಯ್ಯೋಕಾದರೂ ಯಾರಿರ್ತಾರೆ?

ಸದಸ್ಯೆ: ಮತ್ತೆ ಏನೇನು ಬರೀಲಿ?

ಕಾರ್ಯದರ್ಶಿ: ಅನ್ಯಾಯ, ತಾರತಮ್ಯ, ಪ್ರಜಾಪ್ರಭುತ್ವದ ಕಗ್ಗೊಲೆ, ಇವೆಲ್ಲ ಬೇಡ. ಇಂಥ ಅರ್ಜಿ ಫೈಲು ಫೈಲು ಕಟ್ಟಿಟ್ಟಿದ್ದೀನಿ ನಾನು, ಒಂದನ್ನೂ ಪೂರ್ತಿ ಓದಲಿಲ್ಲ. ಬೇಕಾಗಿರೋದು ಇಷ್ಟು: ಹಟ್ಟೀಲಿ ಮನೆ ಎಷ್ಟು, ಮತದಾರರು ಎಷ್ಟು, ಮತಪಟ್ಟಿ ಭಾಗದ ನಂಬರ್ ಏನು. ಮತಗಟ್ಟೆಗೆ ದೂರ ಎಷ್ಟು, ಮಧ್ಯೆ ಕೆರೆ ಕೋಡಿ ಹರಿದಾಗ ದಾರಿ ಮುಚ್ಚುತ್ತಾ. ಬೆಂಗಳೂರಿನ ಎಚ್‌ಎನ್ ವ್ಯಾಲಿಯ ಸಂಸ್ಕರಿಸಿದ ನೀರು ಕೆರೆಗಳಿಗೆ ಬಿಟ್ಟ ಮೇಲೆ ಕೆಲವು ಕೆರೆ ದಾರಿ ಮೊದಲಿನ ಹಾಗಿಲ್ಲ, ನಿಮ್ಮಲ್ಲಿ ಹೇಗೋ ನೋಡು. ಹಟ್ಟಿ ಪಕ್ಕದ ಇನ್ನೊಂದು ಸಣ್ಣೂರು ಇದೆಯಲ್ಲ, ಅದೂ ಇದೂ ಸೇರಿದರೆ 2011ರ ಲೆಕ್ಕದಲ್ಲೇ 400ರ ಹತ್ತಿರ ಬರುತ್ತಾ ನೋಡು. ಬಂದರೆ ಅದೇ ನಿನ್ನ ವಾದ, ಹೊಸ ಗಣತಿಗೆ ಕಾಯೋದೇ ಬೇಡ. ಹೊಸ ಸೀಟೂ ಕೇಳ್ತಿಲ್ಲ, ಇರೋ ಸೀಟಲ್ಲಿ ಒಂದನ್ನ ಅತ್ತ ಸರಿಸಿ ಅಂತಿದ್ದೀಯ.

ಸದಸ್ಯೆ: ಆ ಸಣ್ಣೂರು ಪಕ್ಕದ ವಾರ್ಡಿನದು. ಅಲ್ಲಿನ ಮೆಂಬರು ಒಪ್ಪಲ್ಲ. ಅವರಿಗೆ ಅಲ್ಲಿಂದಲೇ ಐವತ್ತು ಅರವತ್ತು ವೋಟು.

ಕಾರ್ಯದರ್ಶಿ: ನೀನು ಒಪ್ತೀಯಾ? ಹಟ್ಟಿ ಹೋದರೆ ನಿಂದೂ ಹೋಗುತ್ತೆ.

ಸದಸ್ಯೆ: ನಂಗೆ ಅಲ್ಲಿ ಬಿದ್ದಿದ್ದು ಎಷ್ಟೋ ನಂಗೇ ಗೊತ್ತಿಲ್ಲ. ನೀರು ಕೊಡದೆ ಮತ್ತೆ ಕೇಳೋಕೆ ಹೋಗೋ ಮುಖ ಅಂತೂ ನಂಗಿಲ್ಲ.

ಕಾರ್ಯದರ್ಶಿ: ಹಾಗಾದರೆ ಮೊದಲು ವಾರ್ಡ್ ಸಭೆ ಕರೆಸು. ಹಟ್ಟೀಲೇ ಮಾಡಿಸು, ಪಂಚಾಯಿತಿ ಆಫೀಸಲ್ಲಿ ಬೇಡ. ಅಲ್ಲಿ ಯಾರು ಏನಂದರು, ಹೆಸರು ಸಮೇತ ನಡಾವಳಿಗೆ ಬರೆಸು.

ಸದಸ್ಯೆ: ಅವರು ಮಾತಾಡೋದು ತೆಲುಗು ಸಾರ್. ಪಿಡಿಒ ಹುಬ್ಬಳ್ಳಿ ಕಡೆಯೋರು.

ಕಾರ್ಯದರ್ಶಿ: ಚಿಂತಾಮಣಿ, ಗೌರಿಬಿದನೂರು ಕಡೆ ಎಲ್ಲಾ ಸಭೆನೂ ಹಂಗೇ, ಮಾತು ತೆಲುಗು, ಪುಸ್ತಕ ಕನ್ನಡ. ನೀನು ಪಕ್ಕದಲ್ಲಿ ಕೂತು ಹೇಳಿ ಬರೆಸು. ಬರೆಸಿದ ಮೇಲೆ ಅವರಿಗೆ ಓದಿ ಹೇಳಿಸು, ಆಮೇಲೆ ಸಹಿ. ಹೆಬ್ಬೆಟ್ಟಾದರೆ ಪಕ್ಕದಲ್ಲಿ ಹೆಸರು. ಸಭೆ ಠರಾವು ಲಗತ್ತಿಸಿದ ಆಕ್ಷೇಪಣೆ ಬಂದರೆ ಗುಮಾಸ್ತ ತಳ್ಳಿಹಾಕೋಕೆ ಹಿಂದೆಮುಂದೆ ನೋಡ್ತಾನೆ.

ಸದಸ್ಯೆ: ಲೇಔಟ್ ಸಂಘದೋರನ್ನೂ ಕರೀಲಾ?

ಕಾರ್ಯದರ್ಶಿ: ಕರಿ. ಇಲ್ಲಿ ವೋಟರ್ ಐಡಿ ಮಾಡಿಸಿಕೊಳ್ಳಿ ಅಂತ ಫಾರಂ ಕೈಲಿ ಹಿಡ್ಕೊಂಡೇ ಕರಿ. ಹತ್ತು ಮನೆಯೋರು ಮಾಡಿಸಿದರೂ ಲಾಭ.

ಸದಸ್ಯೆ: ಅವರು ಇಲ್ಲಿ ವೋಟು ಮಾಡಿಸಿಕೊಂಡರೆ ಮುಂದಿನ ಸಲ ಅವರೇ ಗೆಲ್ತಾರೆ.

ಕಾರ್ಯದರ್ಶಿ: ಗೆಲ್ಲಲಿ, ಗ್ರಾಮಸಭೆಗೆ ಬಂದು ಕೂರಬೇಕಾಗುತ್ತಲ್ಲ. ಇನ್ನೊಂದು, ಆಕ್ಷೇಪಣೆ ಕೊಡೋ ದಿನ ಎರಡು ಪ್ರತಿ ತಗೊಂಡು ಹೋಗು. ಜಿಲ್ಲಾಧಿಕಾರಿ ಕಚೇರೀಲಿ ಟಪಾಲು ಸೆಕ್ಷನ್ ಅಂತ ಇದೆ. ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ತಾರೀಕು ಸಮೇತ ಸೀಲು ಹಾಕಿಸ್ಕೊ. ಸಾಹೇಬರು ಮೀಟಿಂಗಲ್ಲಿದ್ದಾರೆ, ಇಟ್ಟು ಹೋಗಿ ಅಂತಾರೆ. ಇಟ್ಟು ಬರಬೇಡ.